ಮೂರನೇ ಗೇರು

ಮೂರರಲ್ಲಿ ನಿಲ್ಲುತ್ತಿಲ್ಲ ಅಂದ ಮಂಬೆತಾಲಿ,
ಊಟದಲ್ಲಿ ಉಪ್ಪು ಕಮ್ಮಿ ಅಂದ ಹಾಗೆ.
ಎಪ್ಪತ್ತೆಂಟರ ಸೋವಿಯತ್ ಟ್ರಕ್ಕು. ಎರಡು ಚಳಿಗಾಲ
ಒಂದು ಕೈ ಸ್ಟೀರಿಂಗಿಗೆ, ಒಂದು ಕೈ ಗೇರಿನ ಕೋಲಿಗೆ ಕೊಟ್ಟು
ದೊಲೋನ್ ಘಾಟಿ ಹತ್ತಿದ್ದಾನೆ, ಬೆನ್ನಿಗೆ ಮೂರು ಟನ್ ಕಲ್ಲಿದ್ದಲು.
ಹೆಂಡತಿ ಬಾತ್ಮಾಕಾನ್ ಜೊತೆಗಿದ್ದರೆ ಕೋಲು ಅವಳ ಪಾಲು.
ಹಿಡಿದವರು ಬಿಟ್ಟರೋ, ಹಗ್ಗ ಕಿತ್ತ ಕರುವಿನ ಹಾಗೆ
ಗೇರು ನ್ಯೂಟ್ರಲ್ಲಿಗೆ ಹಾರುತ್ತದೆ.

ನಾನು ಮೊದಲು ಕಿವಿ ಕೊಟ್ಟೆ.
ಗಾಡಿ ನಿಂತಿದೆ, ಇಂಜಿನ್ ಓಡುತ್ತಿದೆ,
ಒಳಗೆಲ್ಲೋ ಗುಂಯ್ ಎಂದು ಒಂದು ಗೊಣಗು.
ಕ್ಲಚ್ ತುಳಿ, ಅಂದೆ. ನಿಂತಿತು.
ಬಿಡು, ಅಂದೆ. ಮತ್ತೆ ಶುರು.
ಕಾಯಿಲೆ ಇಂಜಿನ್ನಿನದಲ್ಲ,
ಅದರ ಹಿಂದಿನ ಕಬ್ಬಿಣದ ಡಬ್ಬಿಯದು.

ಗೊಟ್‌ಲೀಬ್ ಕಲಿಸಿದ್ದು ಹೀಗೆ:
ಉದ್ದನೆ ಸ್ಕ್ರೂಡ್ರೈವರಿನ ತುದಿ ಡಬ್ಬಿಗೆ ತಾಗಿಸಿ
ಹಿಡಿಯನ್ನು ಹಲ್ಲಲ್ಲಿ ಕಚ್ಚು.
ಕಿವಿ ಸುಳ್ಳು ಹೇಳಬಹುದು, ದವಡೆ ಮೂಳೆ ಹೇಳುವುದಿಲ್ಲ.
ತೊಂಬತ್ತೆರಡರಲ್ಲಿ ಜರ್ಮನಿಗೆ ಹೊರಟಾಗ
ಮನೆ ಮಾರಿದ, ಹಸು ಮಾರಿದ,
ಇದನ್ನು ನನ್ನ ಕೈಗಿಟ್ಟ. ಹಿಡಿಯ ಮೇಲೆ
ಅವನ ಹಲ್ಲಿನ ಗುರುತಿದೆ. ನನ್ನವು ಪಕ್ಕದಲ್ಲಿ ಮೂಡಿವೆ.

ಆಮೇಲೆ ರಸ್ತೆಗೆ. ಒಂದರಲ್ಲಿ ಗೋಳು, ಎರಡರಲ್ಲಿ ಗೋಳು,
ಮೂರರಲ್ಲಿ ಎದೆ ಬಡಿದುಕೊಂಡು ಗೋಳು,
ನಾಲ್ಕಕ್ಕೆ ಹಾಕಿದ್ದೇ ಸದ್ದಡಗಿತು.
ಮಂಬೆತಾಲಿ ನಕ್ಕ: ನೋಡು, ವಾಸಿಯಾಯ್ತು!
ಇಲ್ಲ ಮಾರಾಯ. ನಾಲ್ಕರಲ್ಲಿ ಬಲ ನೇರ ಹಾದುಹೋಗುತ್ತದೆ,
ಕೆಳಗಿನ ಶಾಫ್ಟಿನ ಮೇಲೆ ಭಾರವೇ ಬೀಳುವುದಿಲ್ಲ.
ಯಾರೂ ಏನೂ ಹೊರಿಸದಿದ್ದರೆ
ನನ್ನ ಸೊಂಟವೂ ನೋಯುವುದಿಲ್ಲ.

ಎಣ್ಣೆ ಇಳಿಸಿದೆ. ತಟ್ಟೆಯಲ್ಲಿ ಕಪ್ಪು ಗಂಜಿ,
ಅದರೊಳಗೆ ಹಿತ್ತಾಳೆಯ ಮಿರುಗು,
ಹಬ್ಬದ ಬಟ್ಟೆಯಿಂದ ಉದುರಿದ ಹಾಗೆ.
ಹಳೆ ರೇಡಿಯೋದಿಂದ ಬಿಚ್ಚಿದ ಅಯಸ್ಕಾಂತ ಆಡಿಸಿದರೆ
ಮುಳ್ಳುಹಂದಿಯಾಗಿ ಮೇಲೆದ್ದಿತು.
ಒಂದು ಚೂರಿಗೆ ಇನ್ನೂ ಹಲ್ಲಿನ ಆಕಾರ.
ತೋರಿಸಿದೆ. ಅವನು ನಾಲಿಗೆ ಹೊರಳಿಸಿ
ತನ್ನ ಬಾಯಿಯ ಖಾಲಿ ಜಾಗವನ್ನು ಮುಟ್ಟಿ ನೋಡಿಕೊಂಡ.

ರಿಪೇರಿಗಿಂತ ಬದಲಿ ಅಗ್ಗ. ಬಾಲಿಕ್ಚಿಯ ಗುಜರಿಯಲ್ಲಿ
ಒಂದು ಡಬ್ಬಿ, ಎರಡು ಕುರಿಯ ಬೆಲೆ.
ಮೇಲೆ ಸೀಮೆಸುಣ್ಣದಲ್ಲಿ "ಒಳ್ಳೇದು" ಎಂದು ಬರೆದಿತ್ತು.
ಸೀಮೆಸುಣ್ಣಕ್ಕೇನು, ಯಾರ ಕೈಗಾದರೂ ಸಿಗುತ್ತದೆ.
ಮುಚ್ಚಳ ಬಿಚ್ಚು, ಅಂದೆ. ಅಂಗಡಿಯವನು ಗುರ್ರೆಂದ.
ಬಾಯಿ ತೆರೆಸದೆ ಕುದುರೆ ಕೊಂಡಿದ್ದನೇನು ನಿಮ್ಮಪ್ಪ?
ಒಂದೊಂದು ಹಲ್ಲಿನ ಮೇಲೂ ಬೆರಳಾಡಿಸಿದೆ.
ಅಂಚು ಮೊಂಡಾಗಿಲ್ಲ, ಸವೆತ ಸಮ.
ವಯಸ್ಸಾಗಿದೆ, ಆದರೆ ಮೇಯುತ್ತದೆ.

ಕಳಚುವುದು ಮಧ್ಯಾಹ್ನಕ್ಕೆ ಮುಗಿಯಿತು.
ಕೊನೆಯ ನಟ್ಟು ಬರಲಿಲ್ಲ.
ಬಯ್ದೆ, ಕಾಯಿಸಿದೆ, ಮತ್ತೆ ಬಯ್ದೆ, ಬಂತು.
ಏರಿಸುವುದೇ ಕಷ್ಟ. ಹಳೆ ಕಂಬಳಿ ಹಾಸಿ ಕೆಳಗೆ ಮಲಗಿದರೆ
ಎದೆಯ ಮೇಲೆ, ಬೆಲ್ಟಿನ ತೊಟ್ಟಿಲಲ್ಲಿ, ಐವತ್ತಾರು ಕಿಲೋ
ಕ್ಲಚ್ ತಟ್ಟೆಯ ನಡುವಿನ ತೂತು ಹುಡುಕುತ್ತದೆ.
ಇಷ್ಟೇ ಇಷ್ಟು ಓರೆಯಾದರೂ ಒಲ್ಲೆ ಅನ್ನುತ್ತದೆ.
ಗೇರಿಗೆ ಹಾಕಿ ಹಿಂದಿನ ಫ್ಲ್ಯಾಂಜನ್ನು
ಕೂದಲೆಳೆಯಷ್ಟು ತಿರುಗಿಸು, ಅಂದೆ.
ತಿರುಗಿಸಿದ. ಇನ್ನೊಂದೆಳೆ.
ಕಟಕ್ ಅನ್ನುತ್ತದೆ ಅಂದುಕೊಂಡಿದ್ದೆ. ಅದೂ ಇಲ್ಲ,
ಸುಮ್ಮನೆ ಒಳಗೆ ಹೋಯಿತು.

ಘಾಟಿಗೆ ಒಯ್ದೆವು. ಮೂರು. ನಿಂತಿತು.
ಅವನ ಬಲಗೈ ಕೋಲು ಬಿಟ್ಟು ಮೇಲೆದ್ದಿತು,
ಎಲ್ಲಿ ಕೂರಬೇಕೋ ತಿಳಿಯದ ನೆಂಟನಂತೆ
ಟೋಪಿ ಮುಟ್ಟಿತು, ಕನ್ನಡಿ ಒರೆಸಿತು,
ಕೊನೆಗೆ ಬಂದು ಕೋಲನ್ನೇ ಹಿಡಿಯಿತು.
ನಾನೇನೂ ಅನ್ನಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಬಂದ.
ಹಾರುತ್ತಾ? ಇಲ್ಲ.
ಸದ್ದು? ಅದೂ ಇಲ್ಲ, ನಿದ್ದೆ ಬರುತ್ತೆ.
ಮತ್ತೇನು?
ಬಾನೆಟ್ಟಿನ ಮೇಲಿನ ಧೂಳಲ್ಲಿ ಬೆರಳಾಡಿಸಿದ.
ಬಾತ್ಮಾಕಾನ್ ಜೊತೆಗೆ ಬರೋದು ಬಿಟ್ಟಿದ್ದಾಳೆ.
ಹಿಡಿಯೋಕೆ ಏನಿದೆ, ಅಂತಾಳೆ.